ಬಲಗೈಯ ಶಾಯಿ

ಲೋ ಮೇಷ್ಟ್ರೇ,

ಇದನ್ನು ಫೋನ್ ಮಾಡಿಯೇ ಹೇಳಬಹುದಿತ್ತು. ಆದರೆ ಫೋನಲ್ಲಿ ನೀನು ನಗುತ್ತೀಯ, ಆಮೇಲೆ ನಾನೂ ನಗುತ್ತೇನೆ, ವಿಷಯ ಅಲ್ಲಿಗೇ ಹಾರಿಹೋಗುತ್ತದೆ. ಇಲ್ಲಿ ಪೋಸ್ಟ್ ಹಾಕಿ ನಾಲ್ಕು ಜನರ ಮುಂದೆ ಶುರು ಮಾಡಿದರೆ ಅರ್ಧಕ್ಕೆ ಜಾರಿಕೊಳ್ಳೋಕೆ ಆಗಲ್ಲ.

ಮೊನ್ನೆ ನಮ್ಮಕ್ಕನ ಮಗನಿಗೆ 18 ತುಂಬಿತು. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಅವನ ಜೊತೆ ಫಾರಂ 6 ತುಂಬಿಸುತ್ತಾ ಕೂತಿದ್ದೆ. ಪಕ್ಕದಲ್ಲೇ ನನ್ನ ಭಾಷಣ. ಬೆಂಗಳೂರಿನ ನಮ್ಮ ಜಯನಗರ ಕ್ಷೇತ್ರದ ಕಥೆ ಹೇಳಿದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಗೆದ್ದ ಸಿ.ಕೆ. ರಾಮಮೂರ್ತಿಗೆ 57,797 ಓಟು, ಸೋತ ಸೌಮ್ಯಾ ರೆಡ್ಡಿಗೆ 57,781. ಅಂತರ ಬರೀ 16! ತಿರಸ್ಕರಿಸಿದ್ದ ಅಂಚೆ ಮತಗಳನ್ನು ಮತ್ತೆ ನೋಡಿದ್ದು, ಮರುಎಣಿಕೆ, ಎಣಿಕೆ ನಡೆದ ಎಸ್‌ಎಸ್‌ಎಂಆರ್‌ವಿ ಕಾಲೇಜಿನ ಮುಂದೆ ರಾತ್ರಿ ತನಕ ಗಲಾಟೆ, ಎಲ್ಲ ಹೇಳಿ ಕೊನೆಗೆ ಮತದಾನದ ದಿನದ ನನ್ನ ಫೋಟೋ ತೋರಿಸಿದೆ. ಬೆರಳು ಎತ್ತಿಕೊಂಡು ಹಲ್ಲು ಬಿಟ್ಟಿದ್ದೇನಲ್ಲ, ನೀನು ‘ಭಲೇ’ ಅಂತ ಹಾಕಿದ್ದೆ, ಅದೇ.

ಹುಡುಗ ಫೋಟೋ ದೊಡ್ಡದು ಮಾಡಿ ನೋಡಿದ. “ಮಾಮ, ಶಾಯಿ ಎಡಗೈಗೆ ತಾನೇ ಹಾಕೋದು? ನಿಂದು ಬಲಗೈಲಿದೆ.”

ಸೆಲ್ಫಿ ಕಣೋ, ಕನ್ನಡಿ ಥರ ತಿರುಗಿರುತ್ತೆ ಅಂದೆ. ಅವನು ಏನೂ ಮಾತಾಡದೆ ನನ್ನ ಟೀ ಶರ್ಟಿನ ಮೇಲೆ ಬೆರಳಿಟ್ಟ. ಅಕ್ಷರಗಳು ನೆಟ್ಟಗೇ ಇದ್ದವು.

ಹೇಳಿಬಿಡುತ್ತೇನೆ. ಅದು ಚುನಾವಣೆಗೆ ಅಂತ ಮೈಸೂರಿನ ಕಾರ್ಖಾನೆಯಲ್ಲಿ ಮಾಡುವ ಶಾಯಿ ಅಲ್ಲ. ಹೋಂಸ್ಟೇ ಕೌಂಟರಿನಲ್ಲಿದ್ದ ಮಾರ್ಕರ್ ಪೆನ್ನು.

ಮೇ 10, ಬುಧವಾರ. ಜನ ವಾರಾಂತ್ಯಕ್ಕೆ ಸೇರಿಸಿಕೊಂಡು ಓಡಿಹೋಗಬಾರದು ಅಂತಲೇ ಚುನಾವಣಾ ಆಯೋಗದವರು ಮತದಾನ ವಾರದ ಮಧ್ಯೆ ಇಟ್ಟಿದ್ದರು. ನಮ್ಮಂಥವರ ಹತ್ರ ಅದೆಲ್ಲ ನಡೆಯುತ್ತಾ? ಇನ್ನೆರಡು ದಿನ ರಜೆ ಹಾಕಿ, 17 ಸೀಟಿನ ಟೆಂಪೋ ಟ್ರಾವೆಲರ್ ಮಾಡಿಕೊಂಡು ಸಕಲೇಶಪುರಕ್ಕೆ ಹೋದೆವು. ಅದೇ ದಿನ ನಿಮ್ಮಜ್ಜಿ, 80 ದಾಟಿದವರಿಗೆ ಮನೆಯಿಂದಲೇ ಓಟು ಹಾಕುವ ವ್ಯವಸ್ಥೆ ಬಂದಿದ್ದರೂ ಬೇಡ ಅಂತ ಆಟೋ ಹತ್ತಿ ಬೂತಿಗೆ ಹೋಗಿದ್ದರು. ಮೊನ್ನೆ ರಾತ್ರಿ ಎರಡು ಗಂಟೆಗೆ ಎದ್ದು ಕೂತು, ಆ ಗಾಡಿಯಲ್ಲಿದ್ದ ಒಬ್ಬೊಬ್ಬರ ಮುಖ ನೆನಪಿಸಿಕೊಂಡು ಎಣಿಸಿದೆ. ಜಯನಗರದ ಪಟ್ಟಿಯಲ್ಲಿದ್ದವರು ಒಂಬತ್ತು ಜನ. ಸದ್ಯ, ಹದಿನಾರಿಲ್ಲ ಅನ್ನಿಸಿತು. ನೋಡು, ಎಂಥ ಸಮಾಧಾನ!

ಸುಳ್ಳು ಹೇಳೋದು ನನಗೆ ಹೊಸದಲ್ಲ, ನಿನಗೆ ಗೊತ್ತು. ಇಷ್ಟೆಲ್ಲ ಮಾಡಿಯೂ ಶಾಸಕರನ್ನು ಬೈಯುತ್ತಲೇ ಬಂದೆನಲ್ಲ, ಅದು ಕುಟುಕುತ್ತಿದೆ. ಐದು ವರ್ಷ ಸುಮ್ನೆ ಕೂತು ತಿಂತಾರೆ ಅಂತ ಎಷ್ಟು ಸಲ ಹೇಳಿಲ್ಲ ನಾನು? ಒಮ್ಮೆ ಏನೋ ಕೆಲಸಕ್ಕೆ ಒಬ್ಬ ಶಾಸಕರ ಕಚೇರಿಗೆ ಹೋಗಿದ್ದೆ, ಯಾವ ಕ್ಷೇತ್ರ ಅಂತ ಬೇಡ. ಬೆಳಿಗ್ಗೆ ಏಳೂವರೆಗೇ ಹೊರಗೆ ಚಪ್ಪಲಿಗಳ ರಾಶಿ. ಒಬ್ಬರಿಗೆ ಪಿಂಚಣಿ ನಿಂತಿದೆ, ಒಬ್ಬರಿಗೆ ಖಾತಾ, ಒಬ್ಬರಿಗೆ ಮಗನ ಸೀಟು, ಇನ್ನೊಬ್ಬರು ಮದುವೆ ಕಾರ್ಡಿಗೆ ಅರಿಶಿನ ಹಚ್ಚಿಕೊಂಡು ತಂದಿದ್ದಾರೆ. ಮೋರಿ ಕಟ್ಟಿದೆ ಅನ್ನುವವರಂತೂ ಬೇಕಾದಷ್ಟು. 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪಾಲಿಕೆ ಬಿಬಿಎಂಪಿಯ ಸದಸ್ಯರ ಅವಧಿ ಮುಗಿದ ಮೇಲೆ ಕಾರ್ಪೊರೇಟರುಗಳೇ ಇಲ್ಲದೆ ವರ್ಷಗಳು ಕಳೆದವು. 198 ವಾರ್ಡಿನ ಮೋರಿಗಳೆಲ್ಲ ಬಂದು ನಗರದ 28 ಶಾಸಕರ ಬಾಗಿಲಿಗೆ ಹರಿದವು. ಕಾನೂನು ಮಾಡಿ ಅಂತ ಆರಿಸಿ ಕಳಿಸಿದವರನ್ನು ನಾವೇ ಮೋರಿ ಮೇಸ್ತ್ರಿ ಮಾಡಿಕೊಂಡು, ಸದನದಲ್ಲಿ ಬಾಯೇ ಬಿಡಲ್ಲ ಅಂತ ಆಡಿಕೊಳ್ಳುತ್ತೇವೆ. ಹಾಗಂತ ಎಲ್ಲರೂ ಪಾಪದವರು ಅಂತೇನೂ ಅಲ್ಲ ಮಾರಾಯ, ಆಸ್ತಿ ಘೋಷಣೆ ನಾನೂ ಓದುತ್ತೇನೆ.

ಆದರೆ ಆ ಕುರ್ಚಿ ಎಷ್ಟು ಅಲುಗಾಡುತ್ತದೆ ನೋಡು. ಸೌಮ್ಯಾ ಅವರ ತಂದೆ ರಾಮಲಿಂಗಾ ರೆಡ್ಡಿ 1989ರಿಂದ ಜಯನಗರದಲ್ಲಿ ನಾಲ್ಕು ಸಲ ಗೆದ್ದವರು. 2008ರಲ್ಲಿ ಕ್ಷೇತ್ರಗಳ ಗಡಿ ಬದಲಾದಾಗ ಬಿಟಿಎಂ ಲೇಔಟಿಗೆ ಹೋದರು, ಅಲ್ಲೂ ನಾಲ್ಕು ಸಲ. ಜಯನಗರಕ್ಕೆ ಆಗ ಬಂದ ಬಿ.ಎನ್. ವಿಜಯಕುಮಾರ್ ಎರಡು ಸಲ ಗೆದ್ದರು, 2018ರಲ್ಲಿ ಪ್ರಚಾರದ ನಡುವೆಯೇ ಕುಸಿದು ತೀರಿಕೊಂಡರು. ಚುನಾವಣೆ ಜೂನ್ 11ಕ್ಕೆ ಹೋಯಿತು, ಸೌಮ್ಯಾ 2,889 ಓಟುಗಳಿಂದ ಗೆದ್ದರು. ಮುಂದಿನ ಸಲ 16ರಿಂದ ಸೋತರು. ನನ್ನ ನೌಕರಿ ಹೀಗೆ ಹೋಗಿದ್ದರೆ? ಯಾರೋ ಒಂದು ಗಾಡಿ ಜನ ಬೆಟ್ಟ ನೋಡೋಕೆ ಹೋದರು ಅಂತ?

‘ಓಟು ಹಾಕಿದ್ದರೆ ಯಾರಿಗೆ ಹಾಕುತ್ತಿದ್ದೆ?’ ಅಂತ ನೀನು ಕೇಳುತ್ತೀಯ. ಗೊತ್ತಿರಲಿಲ್ಲ ಕಣೋ. ನನ್ನ ಕ್ಷೇತ್ರದಲ್ಲಿ ಯಾರ್‍ಯಾರು ನಿಂತಿದ್ದಾರೆ ಅಂತ ನನಗೆ ಸರಿಯಾಗಿ ಗೊತ್ತಾಗಿದ್ದೇ ಟಿವಿಯಲ್ಲಿ ಮರುಎಣಿಕೆ ನೋಡುವಾಗ. ಅದೇ ರಾತ್ರಿ ‘ಒಂದೊಂದು ಓಟಿಗೂ ಎಷ್ಟು ಬೆಲೆ’ ಅಂತ ಉದ್ದಕ್ಕೆ ಬರೆದು ಆ ಫೋಟೋ ಮತ್ತೆ ಹಾಕಿದೆ. ಅಷ್ಟು ಲೈಕು ನನ್ನ ಮದುವೆ ಫೋಟೋಗೂ ಬಂದಿರಲಿಲ್ಲ.

ಸಾಕು, ಇಷ್ಟೆಲ್ಲ ಬರೆಯೋಣ ಅಂತ ಕೂತಿರಲಿಲ್ಲ. ಬಾಯಿ ಬಿಡದೇ ಇರೋದಕ್ಕೆ ಹುಡುಗ ಹೆಡ್‌ಫೋನ್ ಕೇಳಿದ್ದ, ನಿನ್ನೆ ತಾನೇ ಕೊಡಿಸಿದೆ. ಇದನ್ನು ಹಾಕಿದ ಮೇಲೆ ಅದೂ ದಂಡ. ಅವನಂತೂ ಮುಂದೆ ಮಂತ್ರಿಯಾಗುತ್ತಾನೆ, ಬರೆದಿಟ್ಟುಕೋ.

ಅಜ್ಜಿಗೆ ಮಾತ್ರ ಓದಿ ಹೇಳಬೇಡ. ಕೇಳಿದರೆ ಸೆಲ್ಫಿ ಅಂದುಬಿಡು.

ನಿನ್ನ,
ಮೂರನೇ ಬೆಂಚು