ಬಾಟಲಿಯ ಮೇಲೆ ಗೆರೆ ಎಳೆದವರಿಗೆ

ಎದೆಯ ಶಸ್ತ್ರಚಿಕಿತ್ಸೆಯ ಉನ್ನತ ಪದವಿಯಾದ ಎಂ.ಸಿಎಚ್.ನ ನನ್ನ ಫಲಿತಾಂಶ ಬಂದ ದಿನದಿಂದ ಶುಭ ಹಾರೈಸುತ್ತಿರುವ ಎಲ್ಲರಿಗೂ ನಮಸ್ಕಾರ. ಉತ್ತರ ಬಾರದವರು ಬೇಸರಿಸಬೇಡಿ, ಸರದಿಯಲ್ಲಿದ್ದೀರಿ.

ಶ್ವಾಸಕೋಶದ ತೆಳುಗೋಡೆಯ ಅಪಧಮನಿಯ ಪಕ್ಕದಲ್ಲಿ ಕೈ ನಡುಗದಂತೆ ಕೆಲಸ ಮಾಡಲು ಕಲಿಸಿದ ಗುರುಗಳಿಗೆ, ಪಾಳಿ ಬದಲಿಸಿಕೊಂಡ ಗೆಳೆಯರಿಗೆ, ಪ್ರಬಂಧದ ಲೆಕ್ಕಗಳನ್ನು ಸರಿಪಡಿಸಿದ ಸಂಖ್ಯಾಶಾಸ್ತ್ರದ ಮೇಡಂಗೆ, ನಾನಿಲ್ಲದೆಯೇ ಹಬ್ಬ ಮಾಡಿ ಮುಗಿಸಿದ ಮನೆಯವರಿಗೆ ಋಣಿ.

ಉಳಿದದ್ದೆಲ್ಲ ರಾತ್ರಿ ಪಾಳಿಯ ನಮ್ಮ ಸಿಸ್ಟರ್‌ಗೆ. ಹೆಸರು ಹಾಕಿದರೆ ಬೈಯುತ್ತಾರೆ, ಹಾಕುವುದಿಲ್ಲ.

ಶ್ವಾಸಕೋಶದ ಒಂದು ಹಾಲೆ ತೆಗೆದ ಮೇಲೆ ಎದೆಯಿಂದ ಹೊರಬಂದ ಕೊಳವೆಯ ತುದಿ ನೀರಿನ ಬಾಟಲಿಯಲ್ಲಿ ಮುಳುಗಿರುತ್ತದೆ. ಕೆಮ್ಮಿದಾಗ ಗುಳ್ಳೆ ಏಳುತ್ತಲೇ ಇದ್ದರೆ ಒಳಗೆ ಗಾಳಿ ಸೋರುತ್ತಿದೆ. ಉಸಿರಿನೊಂದಿಗೆ ಏರಿಳಿಯುವ ನೀರು ನಿಂತುಬಿಟ್ಟರೆ ಶ್ವಾಸಕೋಶ ಪೂರ್ತಿ ಹಿಗ್ಗಿರಬಹುದು, ಕೊಳವೆ ಕಟ್ಟಿಕೊಂಡಿರಲೂಬಹುದು. ಒಂದು ಸಂತೋಷ, ಇನ್ನೊಂದು ಅಪಾಯ, ನೋಡಲು ಎರಡೂ ಒಂದೇ. ಸಿಸ್ಟರ್ ಬಾಟಲಿಗೆ ಬಿಳಿ ಪ್ಲಾಸ್ಟರ್ ಪಟ್ಟಿ ಅಂಟಿಸಿ ಎದೆಯಿಂದ ರಕ್ತ ಬಂದು ಏರಿದ ಮಟ್ಟಕ್ಕೆ ಗಂಟೆಗೊಂದು ಗೆರೆ ಎಳೆದು ಸಮಯ ಬರೆಯುತ್ತಿದ್ದರು. "ಗೆರೆಗಳು ಹತ್ತಿರ ಹತ್ತಿರ ಇದ್ದರೆ ನೀವು ಮಲಗಿ ಡಾಕ್ಟರ್, ದೂರವಾದರೆ ನಾನೇ ಎಬ್ಬಿಸುತ್ತೇನೆ" ಎನ್ನುತ್ತಿದ್ದರು.

ಎರಡನೆಯ ವರ್ಷದ ಮಳೆಗಾಲದ ಆ ರಾತ್ರಿ ಎಬ್ಬಿಸಿದರು. ರೋಗಿಯನ್ನು ಮತ್ತೆ ಥಿಯೇಟರ್‌ಗೆ ಒಯ್ದೆವು. ಬೆಳಗಿನ ಜಾವ ಅವರು ಹೋಗಿಬಿಟ್ಟರು. ಕಫದಲ್ಲಿ ರೋಗಾಣು ಸಿಗದಿದ್ದರೂ ಎಕ್ಸ್‌ರೇಯ ನೆರಳು ನೋಡಿ ಕ್ಷಯವೆಂದು ತಿಂಗಳುಗಟ್ಟಲೆ ಮಾತ್ರೆ ನುಂಗಿ, ತಡವಾಗಿ ಬಂದಿದ್ದವರು. ನಮ್ಮಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೀಗೆ ಮರೆಯಲ್ಲಿ ಬೆಳೆಯುವುದು ಅಪರೂಪವಲ್ಲ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದೆಂದು ತಿಳಿಯದೆ ಈ ವಿದ್ಯೆಯ ಮೇಲೆಯೇ ಮಾಡಿಕೊಂಡೆ. ಸಾಕು, ಊರಿಗೆ ಹೋಗಿ ಹರ್ನಿಯಾ ಹೊಲಿಯುತ್ತೇನೆ ಎಂದುಕೊಂಡೆ.

ಸಿಸ್ಟರ್ ಸಮಾಧಾನ ಹೇಳಲಿಲ್ಲ. ಪಾಳಿ ಮುಗಿದಿದ್ದರೂ ಹೋಗದೆ ಆ ರೋಗಿಯ ಮೈ ಒರೆಸಿ, ಹಾಸಿಗೆಯ ಬಟ್ಟೆ ಬದಲಿಸಿ, ತಲೆ ಬಾಚಿದರು. ಆಮೇಲೆ ನನ್ನತ್ತ ತಿರುಗಿ, "ತೋಳಿನಲ್ಲಿ ರಕ್ತವಿದೆ, ಅಂಗಿ ಬದಲಿಸಿಕೊಳ್ಳಿ. ಮನೆಯವರಿಗೆ ನಿಂತುಕೊಂಡು ಹೇಳಬೇಡಿ, ಕುಳಿತು ಹೇಳಿ" ಎಂದರು. ನಾನು ಒಳಗೆ ಮಾತಾಡುವಷ್ಟು ಹೊತ್ತೂ ಬಾಗಿಲ ಬಳಿಯೇ ಇದ್ದರು. ಮರುದಿನ ರಾತ್ರಿ ಇನ್ನೊಬ್ಬರ ಬಾಟಲಿಗೆ ಪಟ್ಟಿ ಅಂಟಿಸಿ ಪೆನ್ನು ನನ್ನ ಕೈಗೆ ಕೊಟ್ಟರು. ರಾಜೀನಾಮೆಯ ಮಾತು ಅಲ್ಲಿಗೆ ಮುಗಿಯಿತು.

ಕ್ಷಯದ ಚಿಕಿತ್ಸೆಯಲ್ಲಿ ಕಳೆದುಹೋಗುವ ಆ ತಿಂಗಳುಗಳ ಬಗ್ಗೆಯೇ ಇನ್ನು ಮುಂದೆ ಅಧ್ಯಯನ ಮಾಡಬೇಕೆಂದಿದ್ದೇನೆ. ಮಾರ್ಗದರ್ಶಕರು ಒಪ್ಪಿದ್ದಾರೆ, ಹಣ ಇನ್ನೂ ಒಪ್ಪಿಲ್ಲ.

ಸಿಸ್ಟರ್, ಮುಂದಿನ ತಿಂಗಳು ಕಲಬುರಗಿಯಲ್ಲಿ ಕೆಲಸಕ್ಕೆ ಸೇರುತ್ತಿದ್ದೇನೆ. ಅಲ್ಲಿನ ರಾತ್ರಿ ಪಾಳಿಯವರಿಗೆ ನೀವೇ ಬಂದು ಒಂದು ತರಗತಿ ತೆಗೆದುಕೊಳ್ಳಬೇಕು. ರೈಲಿನ ಟಿಕೆಟ್ ನನ್ನದು. ಮಂಡಿ ನೋವಿನ ನೆಪ ಹೇಳಬೇಡಿ, ಕೆಳಗಿನ ಬರ್ತ್ ಹಿಡಿಯುತ್ತೇನೆ.