ಆಸ್ಪತ್ರೆಯ ನೀರಿನ ಪರೀಕ್ಷೆಯ ಫಲಿತಾಂಶ ನಳದ ಪಕ್ಕದಲ್ಲೇ ಇರಲಿ

ಮಾನ್ಯ ಸಂಪಾದಕರಿಗೆ,

ಕಳೆದ ಬೇಸಿಗೆಯಲ್ಲಿ ಉಸಿರಾಟದ ತೊಂದರೆಯಿದ್ದ ನನ್ನ ತಾಯಿಯನ್ನು ರಾಯಚೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿ, ಒಂಬತ್ತು ದಿನ ಅವರ ಮಂಚದ ಬಳಿಯೇ ಇದ್ದೆ. ಆಮ್ಲಜನಕದ ಕೊಳವೆಗೆ ಜೋಡಿಸಿದ ಚಿಕ್ಕ ಬಾಟಲಿಯಲ್ಲಿ ನೀರು ಗುಳುಗುಳು ಎನ್ನುತ್ತಿರುತ್ತದಲ್ಲ, ಅದು ತಳ ಮುಟ್ಟಿದಾಗ ವಾರ್ಡಿನ ಸಹಾಯಕರು ಬಾಟಲಿಯನ್ನು ಬಿಚ್ಚಿಕೊಂಡು ಹೋಗಿ, ಕೈತೊಳೆಯುವ ಬೇಸಿನ್ನಿನ ನಳಕ್ಕೆ ಹಿಡಿದು ತುಂಬಿ ತಂದರು. ಬಾಟಲಿಯ ಒಳಮೈಗೆ ತೆಳ್ಳಗೆ ಪಾಚಿ ಹತ್ತಿತ್ತು. ಅದರ ಮೂಲಕ ಹಾಯ್ದು ಬರುವ ಆಮ್ಲಜನಕ ನೇರವಾಗಿ ರೋಗಿಯ ಶ್ವಾಸಕೋಶಕ್ಕೆ ಇಳಿಯುವುದರಿಂದ, ಅಲ್ಲಿ ಕ್ರಿಮಿರಹಿತವಾಗಿಸಿದ ನೀರನ್ನೇ ಬಳಸಬೇಕು. ಕೇಳಿದ್ದಕ್ಕೆ, "ನೀರು ಚೊಲೊ ಅದ ರೀ, ನಾವೂ ಇದನ್ನ ಕುಡೀತೀವಿ" ಎಂದರು. ಅವರು ನಿಜವನ್ನೇ ಹೇಳಿದ್ದರು. ತಪ್ಪು ಅವರಿಗೆ ತರಬೇತಿ ಕೊಡದವರದ್ದು.

ಗಟ್ಟಿ ಮೈಯವರು ಕುಡಿದು ಅರಗಿಸಿಕೊಂಡ ನೀರು ರೋಗಿಗೆ ಹೊಂದಬೇಕೆಂದೇನೂ ಇಲ್ಲ. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ನಳದ ಬಾಯಲ್ಲಿ, ಬೇಸಿನ್ನಿನ ತೂಬಿನಲ್ಲಿ ಲೋಳೆ ಕಟ್ಟಿಕೊಂಡು ಬೆಳೆದು, ಸುಟ್ಟ ಗಾಯಗಳಿಗೂ ದುರ್ಬಲ ಶ್ವಾಸಕೋಶಕ್ಕೂ ಸೋಂಕು ತಗುಲಿಸುತ್ತದೆ. ಲೆಜಿಯೊನೆಲ್ಲಾ ಎಂಬ ಇನ್ನೊಂದಕ್ಕೆ 25ರಿಂದ 45 ಡಿಗ್ರಿ ಸೆಲ್ಸಿಯಸ್‌ನ ಬೆಚ್ಚಗಿನ ನೀರು ಹಿಡಿಸುತ್ತದೆ. ಅಂಥ ನೀರಿನ ಸಣ್ಣ ಹನಿಗಳನ್ನು ಉಸಿರಾಡಿದವರಿಗೆ ನ್ಯುಮೋನಿಯಾ ಬರಬಹುದು. ನಮ್ಮ ಊರಿನ ಬಿಸಿಲಿನಲ್ಲಿ ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕುಗಳ ನೀರು ಎಷ್ಟು ಕಾಯುತ್ತದೆಂಬುದು ಇಲ್ಲಿಯವರಿಗೆಲ್ಲ ಗೊತ್ತು.

ರೋಗಿಯ ಕಡೆಯವರ ಪಾಡು ಬೇರೆ. ದೇವದುರ್ಗ, ಮಾನ್ವಿ, ಲಿಂಗಸುಗೂರು ಕಡೆಯಿಂದ ಬಂದವರು ವರಾಂಡದಲ್ಲೇ ಮಲಗಿ, ಆಸ್ಪತ್ರೆಯ ನೀರನ್ನೇ ಬಾಟಲಿಗಳಲ್ಲಿ ಹಿಡಿದಿಟ್ಟುಕೊಳ್ಳುತ್ತಾರೆ. ಆರ್‌ಒ ಯಂತ್ರವಿದ್ದರೆ ಸಾಕೆಂಬ ನಂಬಿಕೆ ಎಲ್ಲರದ್ದು. ಆದರೆ ಆ ಯಂತ್ರ ಕ್ರಿಮಿಗಳನ್ನು ಕೊಲ್ಲುವ ಕ್ಲೋರಿನ್ನನ್ನೂ ತೆಗೆದುಹಾಕುವುದರಿಂದ, ಶುದ್ಧವಾದ ನೀರು ಕೊಳಕು ತೊಟ್ಟಿಯಲ್ಲಿ ನಿಂತರೆ ಅದಕ್ಕೆ ರಕ್ಷಣೆಯೇ ಉಳಿಯುವುದಿಲ್ಲ. ಕಾಯಿಸಿ ಆರಿಸಿದ ನೀರು ವಾಂತಿಭೇದಿಯನ್ನು ತಡೆದೀತು. ಆದರೆ ನಮ್ಮ ಜಿಲ್ಲೆಯ ಹಲವು ಕೊಳವೆಬಾವಿಗಳಲ್ಲಿರುವ ಫ್ಲೋರೈಡ್ ಕಾಯಿಸುವುದರಿಂದ ಹೋಗುವುದಿಲ್ಲವಾದ್ದರಿಂದ, ನೀರು ಎಲ್ಲಿಂದ ಬಂತೆಂಬುದೂ ತಿಳಿದಿರಬೇಕು.

2022ರ ಮೇ-ಜೂನ್‌ನಲ್ಲಿ ಇದೇ ನಗರದಲ್ಲಿ ಕಲುಷಿತ ನಳದ ನೀರು ಕುಡಿದು ಜನ ಸತ್ತದ್ದನ್ನು ನಾವು ಮರೆತಿಲ್ಲ. ಅಂದು ಅಸ್ವಸ್ಥರಾದವರು ಓಡಿದ್ದು ಆಸ್ಪತ್ರೆಗಳಿಗೇ. ಹಾಗಿರುವಾಗ ಆಸ್ಪತ್ರೆಯ ನೀರಿನ ಮೇಲೆ ಊರಿನ ನೀರಿಗಿಂತ ಹೆಚ್ಚಿನ ನಿಗಾ ಇರಬೇಡವೇ? ಭಾರತೀಯ ಮಾನಕದ ಪ್ರಕಾರ, ಕ್ಲೋರಿನ್ ಬೆರೆಸಿದ ಕುಡಿಯುವ ನೀರು ಬಳಕೆದಾರರಿಗೆ ತಲುಪುವಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಇದನ್ನು ನೋಡಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ: ಚಿಕ್ಕ ಕೊಳವೆಯಲ್ಲಿ ನೀರು ಹಿಡಿದು, ಔಷಧಿಯ ಹನಿ ಹಾಕಿ, ಬಣ್ಣವನ್ನು ಪಟ್ಟಿಯೊಂದಿಗೆ ಹೋಲಿಸಿದರೆ ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ.

ಜಿಲ್ಲಾ ಆರೋಗ್ಯ ಇಲಾಖೆಯು ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಪ್ರತಿ ಆಸ್ಪತ್ರೆಯಲ್ಲೂ ಟ್ಯಾಂಕಿನಿಂದ ಅತಿ ದೂರದ ನಳದಲ್ಲಿ ಈ ಪರೀಕ್ಷೆಯನ್ನು ದಿನಾಲು ಮಾಡಿಸಬೇಕು. ಬ್ಯಾಕ್ಟೀರಿಯಾ ಪರೀಕ್ಷೆಯನ್ನು ನಿಯಮಿತವಾಗಿ ನಡೆಸಬೇಕು. ಟ್ಯಾಂಕ್ ತೊಳೆದ ತಾರೀಖು ಮತ್ತು ಪರೀಕ್ಷೆಯ ಫಲಿತಾಂಶವನ್ನು, ಕಚೇರಿಯ ಕಡತದಲ್ಲಿ ಮುಚ್ಚಿಡದೆ, ಕುಡಿಯುವ ನೀರಿನ ನಳದ ಪಕ್ಕದ ಗೋಡೆಗೆ ದೊಡ್ಡ ಅಕ್ಷರಗಳಲ್ಲಿ ಅಂಟಿಸಬೇಕು. ಆಮ್ಲಜನಕದ ಬಾಟಲಿಗೆ ಯಾವ ನೀರು ಹಾಕಬೇಕೆಂಬುದನ್ನು ವಾರ್ಡಿನ ಸಹಾಯಕರಿಗೆ ಈ ವಾರವೇ ಹೇಳಿಕೊಡಬಹುದು. ಅದಕ್ಕೆ ಯಾವ ಆದೇಶಕ್ಕೂ ಕಾಯಬೇಕಿಲ್ಲ.

— ಒಬ್ಬ ಓದುಗ, ರಾಯಚೂರು