ಸಮೊಥ್ರಾಕಿಗೆ ಹೋಗಿ, ಆದರೆ ಬಸ್ಸು ತುಂಬಿಕೊಂಡು ಬೇಡ

ಬೇಸಿಗೆ ರಜೆ ಹತ್ತಿರ ಬಂತು ಅಂದರೆ ಸಂಘದ ವಾಟ್ಸಾಪ್ ಗುಂಪಿನಲ್ಲಿ ಗ್ರೀಸ್ ಮಾತು ಶುರು. ಸ್ಯಾಂಟೊರಿನಿಗೆ ಯಾವ ಹೋಟೆಲು, ಮಿಕೊನೊಸ್‌ಗೆ ಎಷ್ಟು ಖರ್ಚು, ಎಲ್ಲರೂ ಒಟ್ಟಿಗೆ ಹೋಗೋಣವೇ ಅಂತ. ಈ ಸಲ ನನ್ನ ಅಭಿಪ್ರಾಯವನ್ನೂ ಕೇಳಿದ್ದೀರಿ. ಸಂಪಾದಕೀಯದಲ್ಲೇ ಹೇಳಿಬಿಡುತ್ತೇನೆ.

ಸಮೊಥ್ರಾಕಿಗೆ ಹೋಗಿ. ಗ್ರೀಸಿನ ಈಶಾನ್ಯ ಮೂಲೆಯಲ್ಲಿ, ಟರ್ಕಿಗೆ ಹತ್ತಿರ ಇರುವ ದ್ವೀಪ. ವಿಮಾನ ನಿಲ್ದಾಣ ಇಲ್ಲ. ಅಲೆಕ್ಸಾಂಡ್ರೂಪೊಲಿ ಎಂಬ ಬಂದರು ಊರಿನಿಂದ ಹಡಗಿನಲ್ಲಿ ಸುಮಾರು ಎರಡು ಗಂಟೆ, ಗಾಳಿ ಜೋರಾದರೆ ಆ ಹಡಗೂ ಹೊರಡುವುದಿಲ್ಲ. ವರ್ಷಪೂರ್ತಿ ಅಲ್ಲೇ ಇರುವವರು 3,000ಕ್ಕೂ ಕಡಿಮೆ. ಹಡಗಿನಿಂದ ಮೊದಲು ಕಾಣುವುದೇ ಸಾವೊಸ್ ಬೆಟ್ಟ, 1,611 ಮೀಟರ್, ನೇರ ನೀರಿನಿಂದಲೇ ಎದ್ದು ನಿಂತಂತೆ. ನಮ್ಮ ಕರಾವಳಿಯಲ್ಲಿ ಸಮುದ್ರ ಒಂದು ಕಡೆ, ಘಟ್ಟ ಒಂದಷ್ಟು ದೂರ, ಅಲ್ವಾ? ಇಲ್ಲಿ ಎರಡಕ್ಕೂ ನಡುವೆ ಜಾಗವೇ ಇಲ್ಲ. ಸಮುದ್ರದೇವ ಪೊಸೈಡನ್ ಈ ಬೆಟ್ಟದ ತುದಿಯಲ್ಲಿ ಕೂತು ಟ್ರಾಯ್ ಯುದ್ಧ ನೋಡಿದ ಅಂತ ಗ್ರೀಕ್ ಕವಿ ಹೋಮರ್ ಹೇಳುತ್ತಾನೆ, ಬೆಟ್ಟ ಕಂಡ ಮೇಲೆ ಅದನ್ನು ನಂಬುವುದು ಕಷ್ಟವೇನಲ್ಲ.

ನಿಮ್ಮಲ್ಲಿ ಎಷ್ಟೋ ಮಂದಿ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ, ಮೆಟ್ಟಿಲ ಮೇಲೆ ರೆಕ್ಕೆ ಬಿಚ್ಚಿ ನಿಂತ, ತಲೆಯಿಲ್ಲದ ವಿಜಯದೇವತೆಯ ಶಿಲ್ಪದ ಮುಂದೆ ಫೋಟೋ ತೆಗೆಸಿಕೊಂಡಿದ್ದೀರಿ. ಅವಳು ಈ ದ್ವೀಪದವಳು. 1863ರಲ್ಲಿ ಶಾರ್ಲ್ ಶಾಂಪ್ವಾಸೊ ಎಂಬ ಫ್ರೆಂಚ್ ರಾಜತಾಂತ್ರಿಕ ಅಧಿಕಾರಿ ಇಲ್ಲಿ ಅಗೆಸಿ, ತುಂಡುಗಳನ್ನು ಹಡಗಿಗೆ ಹಾಕಿ ಕಳಿಸಿದ. 1879ರಲ್ಲಿ ಮತ್ತೆ ಬಂದು, ಅವಳು ನಿಂತಿದ್ದ ಕಲ್ಲಿನ ಹಡಗಿನ ಮೂತಿಯನ್ನೂ ಸಾಗಿಸಿದ. 1950ರಲ್ಲಿ ಅವಳ ಬಲಗೈಯ ಹಸ್ತ ಸಿಕ್ಕಿತು, ಅದೂ ಈಗ ಪ್ಯಾರಿಸ್‌ನಲ್ಲೇ ಇದೆ. ತಲೆ ಇನ್ನೂ ಸಿಕ್ಕಿಲ್ಲ.

ಅವಳು ನಿಂತಿದ್ದ ಜಾಗಕ್ಕೆ ನಾವು ಹತ್ತಿ ಹೋದೆವು. ಪಾಲಿಯೊಪೊಲಿ ಎಂಬಲ್ಲಿ ಪಾಳುಬಿದ್ದಿರುವ ಮಹಾದೇವತೆಗಳ ಪ್ರಾಚೀನ ಕ್ಷೇತ್ರದಲ್ಲಿ, ಹಳೆಯ ರಂಗಮಂದಿರದ ಮೇಲ್ಗಡೆ. ಚೌಕಾಕಾರವಾಗಿ ಉಳಿದ ತಳಪಾಯದ ಕಲ್ಲುಗಳು, ಸಂದಿಯಲ್ಲಿ ಒಣಗಿದ ಹುಲ್ಲು, ಕಾಲಿಗೆ ಸಿಕ್ಕಿದರೆ ಘಮ್ಮೆನ್ನುವ ಕಾಡು ಓರೆಗಾನೊ. ಬೇರೆ ಯಾರೂ ಇರಲಿಲ್ಲ. ಪ್ಯಾರಿಸ್‌ನಲ್ಲಿ ಜನರ ತಲೆಗಳ ಮೇಲಿಂದ ನಾವು ಇಣುಕಿ ನೋಡಿದ ಆ ದೇವತೆ ನಿಜವಾಗಿ ನೋಡುತ್ತಿದ್ದದ್ದು ಈ ಕಣಿವೆಯನ್ನು ಅಂತ ಗೊತ್ತಾದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಅವಳನ್ನು ಇಲ್ಲಿಗೇ ವಾಪಸ್ ಕಳಿಸಬೇಕು ಅನ್ನುವವರ ಪರ ನಾನು, ಮುಚ್ಚಿಡುವುದೇನಿದೆ. ಪಕ್ಕದ ಮ್ಯೂಸಿಯಂನಲ್ಲಿ ಪ್ಲಾಸ್ಟರ್ ಪ್ರತಿ ಇದೆ, ಅಷ್ಟೇ.

ಈ ಕ್ಷೇತ್ರದ ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿತು. ಆ ಕಾಲದಲ್ಲಿ ಇಲ್ಲಿ ನಡೆಯುತ್ತಿದ್ದ ಗುಟ್ಟಿನ ಪೂಜೆಯ ದೀಕ್ಷೆಗೆ ಬೇಲಿ ಇರಲಿಲ್ಲ. ಗಂಡಸರು, ಹೆಂಗಸರು, ಗುಲಾಮರು, ಗ್ರೀಕರಲ್ಲದವರು, ಯಾರು ಬೇಕಾದರೂ ಬರಬಹುದಿತ್ತು. ದೀಕ್ಷೆ ಪಡೆದವರನ್ನು ದೇವತೆಗಳು ಸಮುದ್ರದಲ್ಲಿ ಕಾಪಾಡುತ್ತಾರೆ ಅನ್ನೋ ನಂಬಿಕೆ. ಅವರು ತೊಡುತ್ತಿದ್ದ ಕಬ್ಬಿಣದ ಉಂಗುರಗಳು ಅಗೆತದಲ್ಲಿ ಸಿಕ್ಕಿವೆ. ಒಳಗೆ ಏನು ನಡೆಯುತ್ತಿತ್ತು ಅನ್ನುವುದನ್ನು ಮಾತ್ರ ಯಾರೂ ಬಾಯಿಬಿಟ್ಟಿಲ್ಲ.

ಊಟದ ಚಿಂತೆ ಬೇಡ. ಮೇಕೆ ಮಾಂಸ ಇಲ್ಲಿನ ಹೆಸರುವಾಸಿ ಅಡುಗೆ, ಆದರೆ ಸಸ್ಯಾಹಾರಿಗಳು "ನಿಸ್ತಿಸಿಮೊ" ಇದೆಯಾ ಅಂತ ಕೇಳಿ. ಅದು ಅವರ ಚರ್ಚಿನ ಉಪವಾಸದ ಅಡುಗೆ, ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ಸಿಗಡಿ, ಸ್ಕ್ವಿಡ್‌ಗೆ ಉಪವಾಸದಲ್ಲೂ ಅಡ್ಡಿಯಿಲ್ಲವಾದ್ದರಿಂದ ಅವೂ ಬೇಡ ಅಂತ ಬಿಡಿಸಿ ಹೇಳಿ. ಹಳದಿ ಬೇಳೆ ಬೇಯಿಸಿ ಅರೆದು, ಮೇಲೆ ಹಸಿ ಈರುಳ್ಳಿ ಹಾಕಿ, ಆಲಿವ್ ಎಣ್ಣೆ ಸುರಿದು ಕೊಡುವ ಫಾವಾವನ್ನು ಮಕ್ಕಳು ಬಟ್ಟಲು ಒರೆಸಿ ತಿಂದರು.

ಈಗ ಗುಂಪು ಪ್ರವಾಸದ ಮಾತು. ಸಂಘದಿಂದಲೇ ಬಸ್ಸು ಮಾಡಿ ಹೋಗೋಣ ಅಂದವರಿಗೆ ನಾನು ಬೇಡ ಅಂದಿದ್ದೇನೆ. ಈ ದ್ವೀಪದ ಮೈ ಈಗಾಗಲೇ ಸವೆದಿದೆ. ಜನರಿಗಿಂತ ಮೇಕೆಗಳೇ ಹಲವು ಪಟ್ಟು ಜಾಸ್ತಿ, ಚಿಗುರು ಮೇಲೇಳುವ ಮೊದಲೇ ಮೇಯುತ್ತವೆ, ಬೇರಿಲ್ಲದ ಮಣ್ಣು ಮಳೆಗೆ ಜಾರುತ್ತದೆ. 2017ರ ಸೆಪ್ಟೆಂಬರಿನಲ್ಲಿ ದೊಡ್ಡ ಮಳೆ ಬಂದಾಗ ಬೆಟ್ಟದ ಕೆಸರು ಖೋರಾ ಊರೊಳಗೇ ನುಗ್ಗಿತ್ತು. ಫೋನಿಯಾಸ್ ತೊರೆಯ ದಾರಿಯಲ್ಲಿ ಪ್ಲೇನ್ ಎಂಬ ಜಾತಿಯ ಹಳೇ ಮರಗಳ ಬುಡದಲ್ಲಿ ಬೇರುಗಳು ಬರಿಮೈಯಲ್ಲಿ ನಿಂತಿವೆ, ನಡೆಯುವಾಗ ಅವುಗಳ ಮೇಲೆ ಕಾಲಿಡದೆ ಗತಿಯಿಲ್ಲ. ಅಲ್ಲಿಗೆ ಐವತ್ತು ಜನ ಒಟ್ಟಿಗೆ ಇಳಿಯುವುದು ಸರಿಯಲ್ಲ.

ಒಂದೋ ಎರಡೋ ಮನೆಯವರು ಸೇರಿ, ಜೂನ್ ಅಥವಾ ಸೆಪ್ಟೆಂಬರಿನಲ್ಲಿ ಹೋಗಿ. ದ್ವೀಪ ಸುತ್ತಿ ಬರೋಣ ಅನ್ನಬೇಡಿ, ಪೂರ್ತಿ ಸುತ್ತುವ ರಸ್ತೆಯೇ ಇಲ್ಲ. ಥೆರ್ಮಾ ಎಂಬ ಹಳ್ಳಿಯಲ್ಲಿ ರೂಮು ಮಾಡಿ, ಬಿಸಿನೀರಿನ ಬುಗ್ಗೆಗೂ ಹತ್ತಿರದ ತೊರೆಗಳಿಗೂ ನಡೆದೇ ಹೋಗಬಹುದು. ವಾಪಸ್ ಬರುವ ವಿಮಾನಕ್ಕೆ ಒಂದು ದಿನ ಮೊದಲೇ ದ್ವೀಪ ಬಿಡಿ, ಗಾಳಿಯನ್ನು ನಂಬಬೇಡಿ. ಬೆಟ್ಟದ ತುದಿಗೆ ನಾವು ಹೋಗಲಿಲ್ಲ, ಚಿಕ್ಕ ಮಕ್ಕಳಿದ್ದರು. ಯಾರಾದರೂ ಹತ್ತಿ ಬಂದರೆ ಮುಂದಿನ ಸಂಚಿಕೆಗೆ ಬರೆದು ಕಳಿಸಿ, ಎರಡು ಪುಟ ತೆಗೆದಿಡುತ್ತೇನೆ.